ಸಾಂಬ್ರಾದಲ್ಲಿ ವಿಮಾನ ಇಳಿಯುವ ಹೊತ್ತಿಗೆ ಕಾರು ಬಾಗಿಲಲ್ಲಿರಲಿ

ಬೀಗರು ಮುಂಬೈಯಿಂದ ಬಾಡಿಗೆ ವಿಮಾನದಲ್ಲಿ ಬೆಳಗಾವಿಗೆ ಮದುವೆಗೆ ಬರುತ್ತಾರೆ, ಇಳಿಯುವುದು ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ. ಉದ್ಯಮಬಾಗದ ಫೌಂಡ್ರಿ ನೋಡಲು ಕಂಪನಿಯ ದೊಡ್ಡವರು ಬರುತ್ತಾರೆ. ಮನೆಯವರು ಲಕ್ಷಗಟ್ಟಲೆ ಕೊಟ್ಟು ವಿಮಾನ ಗೊತ್ತು ಮಾಡುತ್ತಾರೆ, ಕಾರಿನ ವಿಷಯ ಮಾತ್ರ ಹಿಂದಿನ ರಾತ್ರಿ ಒಂದು ಫೋನಿನಲ್ಲಿ ಮುಗಿಸುತ್ತಾರೆ. ಗಡಿಬಿಡಿ ಆಗುವುದು ಅಲ್ಲೇ.

ಮೊದಲು ವಿಮಾನ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯಿಂದ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್, ಅಂದರೆ ಬಾಡಿಗೆ ವಿಮಾನ ನಡೆಸುವ ಪರವಾನಗಿ, ಇರುವ ಸಂಸ್ಥೆಯಿಂದಲೇ (ಆಪರೇಟರ್) ಪಡೆಯಿರಿ. ಯಾರದೋ ಸ್ವಂತ ವಿಮಾನವನ್ನು ‘ಕಡಿಮೆಯಲ್ಲಿ ಮಾಡಿಸಿಕೊಡ್ತೀನಿ’ ಎನ್ನುವ ದಲ್ಲಾಳಿಯನ್ನು ದೂರ ಇಡಿ. ಪ್ರೈವೇಟ್ ಎಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಕೊಡುವಂತಿಲ್ಲ. ದರ ಕೇಳುವಾಗ ವಿಮಾನ ಖಾಲಿ ಬಂದು ಖಾಲಿ ಹೋಗುವ ಖರ್ಚು, ಕಾಯುವ ಬಾಡಿಗೆ, ಜಿಎಸ್‌ಟಿ ಎಲ್ಲ ಸೇರಿದೆಯಾ ಎಂದು ಬರಹದಲ್ಲೇ ಪಡೆಯಿರಿ. ಬೆಂಗಳೂರಿನಿಂದ ಬರುವುದಾದರೆ ಜೆಟ್ಟೇ ಬೇಕು ಎಂದು ಹಟ ಬೇಡ. ಈ ದೂರಕ್ಕೆ ಕಿಂಗ್ ಏರ್‌ನಂಥ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ, ಸಾಕು. ಸಮಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಹಣ ಉಳಿಯುತ್ತದೆ. ಬೇರೆಯವರಿಗಾಗಿ ಹೊರಟ ವಿಮಾನ ಖಾಲಿ ಹೋಗುವಾಗ ಎಂಪ್ಟಿ ಲೆಗ್ ಎಂದು ಅಗ್ಗಕ್ಕೆ ಸಿಗುವ ಸೀಟನ್ನು ಮದುವೆಗೆ ನಂಬಬೇಡಿ. ಮೂಲ ಗಿರಾಕಿ ದಿನ ಬದಲಿಸಿದರೆ ನಿಮ್ಮದೂ ಹೋಯಿತು.

ಬೆಂಗಳೂರಿನಲ್ಲಿ ವಿಮಾನ ಹೊರಡುವುದು ದೇವನಹಳ್ಳಿಯಿಂದಲೋ ಎಚ್‌ಎಎಲ್‌ನಿಂದಲೋ, ಇದನ್ನು ಅತಿಥಿಗಳಿಗೆ ಮೊದಲೇ ಹೇಳಿ. ವಿದೇಶದಿಂದ ನೇರ ಬರುವವರು ಮುಂಬೈ ಅಥವಾ ಬೆಂಗಳೂರಿನಂಥ ಕಡೆ ಇಳಿದು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿಯೇ ಇಲ್ಲಿಗೆ ಬರಬೇಕು. ಹೆಸರುಗಳ ಪಟ್ಟಿ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಇರಲಿ.

ಸಾಂಬ್ರಾದ ರನ್‌ವೇ 2,300 ಮೀಟರ್ ಇದೆ. ದಿನವೂ ಪ್ರಯಾಣಿಕರ ದೊಡ್ಡ ಜೆಟ್‌ಗಳೇ ಇಳಿಯುತ್ತವೆ, ಆ ಚಿಂತೆ ಬೇಡ. ಕೇಳಬೇಕಾದ್ದು ಎರಡೇ: ನಿಮ್ಮ ಹೊತ್ತಿಗೆ ನಿಲ್ದಾಣ ತೆರೆದಿರುತ್ತದೆಯೇ, ವಿಮಾನ ನಿಲ್ಲಿಸಲು ಜಾಗ ಇದೆಯೇ. ಎರಡನ್ನೂ ಆಪರೇಟರೇ ನಿಲ್ದಾಣದವರನ್ನು ಕೇಳಿ ಖಚಿತಪಡಿಸಬೇಕು.

ಈಗ ನಿಜವಾದ ಕೆಲಸ. ವಿಮಾನದವರು ಕಳಿಸುವ ವೇಳಾಪಟ್ಟಿಯಲ್ಲಿ 0430 ಮುಂದೆ ಝಡ್ ಅಕ್ಷರ ಇದ್ದರೆ ಅದು ನಸುಕಿನ ನಾಲ್ಕೂವರೆ ಅಲ್ಲ. ಪೈಲಟ್‌ಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ಲೆಕ್ಕದಲ್ಲಿ ಬರೆಯುತ್ತಾರೆ. ಅದಕ್ಕೆ ಐದೂವರೆ ತಾಸು ಕೂಡಿಸಬೇಕು, ಅಂದರೆ ಬೆಳಿಗ್ಗೆ ಹತ್ತು. ಆ ಸಂದೇಶವನ್ನು ಸುಮ್ನೆ ಡ್ರೈವರ್‌ಗೆ ಫಾರ್ವರ್ಡ್ ಮಾಡಿದರೆ ಪಾಪ, ಅವನು ಕೋಳಿ ಕೂಗುವ ಮೊದಲೇ ಹೋಗಿ ಕಾಯುತ್ತಾನೆ. ವಿಮಾನ ಬರುವ ಹೊತ್ತಿಗೆ ಅವನಿಗೂ ಸುಸ್ತು, ಕಾಯುವ ಬಾಡಿಗೆಯೂ ಏರಿರುತ್ತದೆ. ಸಮಯವನ್ನು ನೀವೇ ಲೆಕ್ಕ ಹಾಕಿ, ‘ಬೆಳಿಗ್ಗೆ 10’ ಎಂದು ಕನ್ನಡದಲ್ಲಿ ಬರೆದು ಕಳಿಸಿ.

ಅದೂ ಸಾಲದು. ಬಾಡಿಗೆ ವಿಮಾನ ಯಜಮಾನರ ಮರ್ಜಿಯಂತೆ ತಡವಾಗುತ್ತದೆ, ಕೆಲವೊಮ್ಮೆ ಬೇಗವೂ ಹೊರಡುತ್ತದೆ. ಹಾಗಾಗಿ ಗಡಿಯಾರ ನಂಬಬೇಡಿ, ‘ಟೇಕಾಫ್ ಆಯಿತು’ ಎಂಬ ಸಂದೇಶ ನಂಬಿ. ಆ ಸಂದೇಶ ಯಾರು, ಯಾರ ಫೋನಿಗೆ ಕಳಿಸಬೇಕು ಎಂದು ಹಿಂದಿನ ದಿನವೇ ಗೊತ್ತುಮಾಡಿ. ಹಾರಾಟ ಸುಮಾರು ಒಂದು ತಾಸಿನದು. ಊರಿನಿಂದ ಸಾಂಬ್ರಾ ಹತ್ತು ಕಿಲೊಮೀಟರ್ ಅಷ್ಟೇ, ಆದರೆ ಬಾಗಲಕೋಟೆ ರಸ್ತೆ ಅದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಮುಂದೆ ಸಿಕ್ಕರೆ ದಾಟುವುದು ಕಷ್ಟ. ಟೇಕಾಫ್ ಸಂದೇಶ ಬಂದ ಕೂಡಲೇ ಕಾರು ಹೊರಟು, ಬೇಗ ಆ ದಾರಿಯ ಗಾಂಧಿನಗರವನ್ನಾದರೂ ದಾಟಬೇಕು. ತಿಳಕವಾಡಿ ಕಡೆಯಿಂದ ಹೊರಡುವ ಕಾರು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡರೆ ಮುಗೀತು.

‘ಕಾರು ವಿಮಾನದ ಮೆಟ್ಟಿಲಿಗೇ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅನುಮತಿ ಪತ್ರ ತೋರಿಸಲು ಹೇಳಿ. ವಿಮಾನ ನಿಲ್ಲುವ ಜಾಗಕ್ಕೆ ಹೊರಗಿನ ವಾಹನ ಸುಲಭಕ್ಕೆ ಹೋಗುವಂತಿಲ್ಲ. ಟರ್ಮಿನಲ್‌ನ ಹೊರಬಾಗಿಲಲ್ಲೇ ಭೇಟಿ ಎಂದು ಇಟ್ಟುಕೊಳ್ಳಿ. ಅಲ್ಲಿ ಅತಿಥಿಗಳ ಮುಖ ಗೊತ್ತಿರುವ ಮನೆಯ ಒಬ್ಬರು ನಿಲ್ಲಲೇಬೇಕು. ಬರೀ ಹೆಸರಿನ ಬೋರ್ಡ್ ಹಿಡಿಸಿದರೆ ಅದು ಸ್ವಾಗತ ಅನ್ನಿಸುವುದಿಲ್ಲ ಅಲ್ವಾ?

ಕಾರಿನ ಲೆಕ್ಕ: ಒಂದು ಇನೋವಾಕ್ಕೆ ನಾಲ್ಕೇ ಜನ. ಏಳು ಸೀಟು ಎಂದು ಏಳು ಜನರನ್ನು ಕೂರಿಸಿದರೆ ಸೂಟ್‌ಕೇಸ್‌ಗೆ ಜಾಗವೇ ಇಲ್ಲ. ಸಾಮಾನು ಜಾಸ್ತಿ ಇದ್ದರೆ ಪ್ರತ್ಯೇಕ ಗಾಡಿ ಕಳಿಸಿ. ಹಳದಿ ಬೋರ್ಡಿನ ಗಾಡಿಯನ್ನೇ ಗೊತ್ತು ಮಾಡಿ. ಬಿಳಿ ಬೋರ್ಡಿನದು ಅಗ್ಗ ಎಂದು ಕರೆದರೆ ದಾರಿಯಲ್ಲಿ ಹಿಡಿದಾಗ ಅತಿಥಿಗಳೆದುರು ನಿಮಗೇ ಮುಜುಗರ.

ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ಸಿದ್ಧತೆ ಬೇಕು. ಮೋಡ ಕೆಳಗೆ ಇಳಿದು ರನ್‌ವೇ ಕಾಣದಿದ್ದರೆ ವಿಮಾನ ಬೇರೆಡೆ ತಿರುಗುತ್ತದೆ. ಎಲ್ಲಿಗೆ ಎಂದು ಆಪರೇಟರ್‌ನನ್ನು ಮೊದಲೇ ಕೇಳಿ. ನನ್ನ ಮಾತು ಕೇಳುವುದಾದರೆ ಹುಬ್ಬಳ್ಳಿ ಆರಿಸಲು ಹೇಳಿ. ಹೆದ್ದಾರಿಯಲ್ಲಿ ಎರಡು ತಾಸಿಗೆ ಬೆಳಗಾವಿ ಸೇರಬಹುದು. ಗೋವಾಕ್ಕೆ ಹೋದರೆ ಮಳೆಯಲ್ಲಿ ಘಾಟ್ ಇಳಿದು ಹತ್ತಬೇಕು. ಟ್ಯಾಂಕ್ ತುಂಬಿಸಿ, ‘ಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು’ ಎಂದು ಡ್ರೈವರ್‌ಗೆ ಹೇಳಿ, ಅದರ ಬಾಡಿಗೆಯನ್ನೂ ಮಾತಾಡಿಡಿ.

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಇದ್ದಾಗ ಒಳ್ಳೆಯ ಕಾರೂ ಸಿಗುವುದಿಲ್ಲ, ಹೋಟೆಲ್ ಕೋಣೆಯೂ ಸಿಗುವುದಿಲ್ಲ. ತಿಂಗಳ ಮೊದಲೇ ಮುಂಗಡ ಕೊಡಿ.

ವಾಪಸ್ ಹೋಗುವಾಗಲೂ ಇದೇ ಕ್ರಮ. ಊಟ ತಡವಾಯಿತು ಎಂದು ಹೊರಡುವ ಸಮಯ ಮುಂದೂಡುವ ಮೊದಲು ಪೈಲಟ್‌ಗೆ ಫೋನ್ ಮಾಡಿ. ಅವರ ಕೆಲಸದ ತಾಸುಗಳಿಗೆ ಮಿತಿ ಇದೆ, ನಿಲ್ದಾಣ ಮುಚ್ಚುವ ಹೊತ್ತೂ ಇದೆ. ಎರಡರಲ್ಲಿ ಯಾವುದು ಮೀರಿದರೂ ಅತಿಥಿಗಳಿಗೆ ಆ ರಾತ್ರಿ ಬೆಳಗಾವಿಯಲ್ಲೇ ಕೋಣೆ ಹುಡುಕಬೇಕಾಗುತ್ತದೆ.