ಕಂಪ್ಯೂಟರಿನಲ್ಲಿ ಮಿಯುರಾ ಮಡಿಕೆಯ ವಿನ್ಯಾಸವನ್ನು ರಚಿಸುವ ಕ್ರಮ

ಒರಿಗಾಮಿ, ಅಂದರೆ ಕಾಗದ ಮಡಿಸುವ ಕಲೆಯ ವಿನ್ಯಾಸಗಳನ್ನು ಲೆಕ್ಕದ ಮೂಲಕ ರಚಿಸಲು ಕಲಿಯುವವರು, ಹಾಳೆಯನ್ನು ಸಮಾಂತರ ಚತುರ್ಭುಜಗಳ ಸಾಲುಗಳಾಗಿ ಮಡಿಸುವ ಮಿಯುರಾ ಮಡಿಕೆಯಿಂದ ಆರಂಭಿಸುವುದು ಒಳ್ಳೆಯದು. ಜಪಾನಿನ ಕೊರ್ಯೊ ಮಿಯುರಾ ರೂಪಿಸಿದ, 1995ರಲ್ಲಿ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಸೌರಫಲಕವನ್ನು ಹರಡಲು ಬಳಕೆಯಾದ ಈ ವಿನ್ಯಾಸದ ಒಳಗಿನ ಶೃಂಗಗಳೆಲ್ಲವೂ (ಮಡಿಕೆಗೆರೆಗಳು ಕೂಡುವ ಬಿಂದುಗಳು) ಒಂದೇ ಬಗೆಯವಾದ್ದರಿಂದ, ತಪ್ಪು ಎಲ್ಲಿದೆಯೆಂಬುದು ಬೇಗ ತಿಳಿಯುತ್ತದೆ.

ಮೊದಲು ಕಂಬಸಾಲಿನ ಅಗಲ, ಅಡ್ಡಸಾಲಿನ ಎತ್ತರ ಮತ್ತು ಸಮಾಂತರ ಚತುರ್ಭುಜದ ಲಘುಕೋನವನ್ನು ನಿಶ್ಚಯಿಸಿಕೊಳ್ಳಿ. ಎತ್ತರವನ್ನು ಕೋನದ ಟ್ಯಾನ್ ಬೆಲೆಯಿಂದ ಭಾಗಿಸಿದರೆ ಓರೆಯ ಅಳತೆ ಸಿಗುತ್ತದೆ. ಎತ್ತರ 30 ಮಿ.ಮೀ., ಕೋನ 60 ಡಿಗ್ರಿ ಇದ್ದರೆ ಅದು ಸುಮಾರು 17.3 ಮಿ.ಮೀ. ಎರಡೂ ದಿಕ್ಕಿನಲ್ಲಿ ಸೊನ್ನೆಯಿಂದ ಎಣಿಸುತ್ತ ಬಿಂದುಗಳನ್ನು ಚೌಕಳಿಯಾಗಿ ಇಟ್ಟು, ಬೆಸಸಂಖ್ಯೆಯ ಅಡ್ಡಸಾಲುಗಳನ್ನು ಮಾತ್ರ ಆ ಅಳತೆಯಷ್ಟು ಬಲಕ್ಕೆ ಸರಿಸಿ. ಅಡ್ಡಗೆರೆಗಳು ನೇರವಾಗಿಯೇ ಉಳಿದು, ಉದ್ದಗೆರೆಗಳು ಅಂಕುಡೊಂಕಾಗುತ್ತವೆ.

ಹೊಸಬರು ಹೆಚ್ಚಾಗಿ ಎಡವುವುದು ಉಬ್ಬುಮಡಿಕೆ (ಗೆರೆ ಮೇಲಕ್ಕೇಳುವಂತೆ ಮಡಿಸುವುದು), ತಗ್ಗುಮಡಿಕೆಗಳ (ಗೆರೆ ಕೆಳಗಿಳಿಯುವಂತೆ ಮಡಿಸುವುದು) ಹಂಚಿಕೆಯಲ್ಲಿ. ಇಲ್ಲಿ ಕಣ್ಣಂದಾಜನ್ನು ನಂಬದೆ ನಿಯಮವನ್ನೇ ಪ್ರೋಗ್ರಾಮಿನಲ್ಲಿ ಬರೆಯಬೇಕು. ಸಮಸಂಖ್ಯೆಯ ಅಂಕುಡೊಂಕು ಗೆರೆ ಪೂರ್ತಿಯಾಗಿ ಉಬ್ಬು, ಬೆಸಸಂಖ್ಯೆಯದು ಪೂರ್ತಿಯಾಗಿ ತಗ್ಗು. ಅಡ್ಡಗೆರೆಯ ಪ್ರತಿ ತುಂಡಿಗೂ ಅದರ ಎಡತುದಿಯ ಕಂಬಸಾಲು ಮತ್ತು ಅಡ್ಡಸಾಲಿನ ಸಂಖ್ಯೆಗಳನ್ನು ಕೂಡಿಸಿ. ಮೊತ್ತ ಸಮವಾದರೆ ತಗ್ಗು, ಬೆಸವಾದರೆ ಉಬ್ಬು.

ಅನಂತರ ಒಳಗಿನ ಪ್ರತಿ ಶೃಂಗದಲ್ಲಿ ಎರಡು ಪರೀಕ್ಷೆ ನಡೆಸಿ. ಮಾಯೆಕಾವಾ ನಿಯಮದಂತೆ ಉಬ್ಬು ಮತ್ತು ತಗ್ಗುಗಳ ಸಂಖ್ಯೆಯಲ್ಲಿ ಎರಡರ ವ್ಯತ್ಯಾಸವಿರಬೇಕು, ಅಂದರೆ ಇಲ್ಲಿ ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ. ಕವಾಸಾಕಿ ನಿಯಮದಂತೆ ಒಂದು ಬಿಟ್ಟು ಒಂದು ಕೋನಗಳ ಮೊತ್ತ 180 ಡಿಗ್ರಿ ಆಗಬೇಕು; ದಶಮಾಂಶಗಳು ಕೂದಲೆಳೆಯಷ್ಟು ತಪ್ಪುವುದು ಸಹಜವಾದ್ದರಿಂದ ಸಣ್ಣ ರಿಯಾಯಿತಿ ಇಟ್ಟುಕೊಂಡೇ ಹೋಲಿಸಿ. ಇವೆರಡೂ ಶೃಂಗದ ಸುತ್ತಲಿನ ಮಾತನ್ನಷ್ಟೇ ಹೇಳುತ್ತವೆ. ಯಾವುದೇ ವಿನ್ಯಾಸದ ಇಡೀ ಹಾಳೆ ಚಪ್ಪಟೆಯಾಗಿ ಮಡಚೀತೇ ಎಂದು ನಿರ್ಣಯಿಸುವುದು ಗಣಕಕ್ಕೂ ಬಹಳ ಕಠಿಣವೆಂದು ಸಂಶೋಧಕರಾದ ಬರ್ನ್ ಮತ್ತು ಹೇಯ್ಸ್ 1996ರಲ್ಲಿ ಸಾಧಿಸಿದ್ದಾರೆ.

ಆದ್ದರಿಂದ ಉಬ್ಬನ್ನು ಕೆಂಪು, ತಗ್ಗನ್ನು ನೀಲಿ, ಅಂಚನ್ನು ಕಪ್ಪು ಗೆರೆಯಲ್ಲಿ ಎಸ್‌ವಿಜಿ (ಗೆರೆಚಿತ್ರದ) ಕಡತವಾಗಿ ಉಳಿಸಿ, ಬ್ರೌಸರಿನಲ್ಲೇ ನಡೆಯುವ ಒರಿಗಾಮಿ ಸಿಮ್ಯುಲೇಟರಿನಲ್ಲಿ ಮಡಿಸಿ ನೋಡಿ. ಅಲ್ಲಿ ಸೆಳೆತವನ್ನು (ಹಾಳೆ ಎಷ್ಟು ಹಿಗ್ಗಿ ಕುಗ್ಗುತ್ತದೆಂಬುದನ್ನು) ಬಣ್ಣದಲ್ಲಿ ತೋರಿಸುವ ಆಯ್ಕೆಯನ್ನು ತಪ್ಪದೆ ಬಳಸಿ: ಮಿಯುರಾ ಮಡಿಕೆಯ ಫಲಕಗಳು ಬಾಗದೆಯೇ ಚಲಿಸಬಲ್ಲವು, ಹಾಗಾಗಿ ಎಲ್ಲೋ ಒಂದೆಡೆ ಸೆಳೆತ ಉಳಿದೇ ಇದ್ದರೆ ನಿಮ್ಮ ಹಂಚಿಕೆಯನ್ನು ಮತ್ತೆ ಪರಿಶೀಲಿಸಬೇಕು.

ಮುಂದೆ ಮಾರ್ಪಡಿಸುವಾಗ ಕಂಬಸಾಲುಗಳ ಅಗಲವನ್ನು ಬೇರೆ ಬೇರೆ ಮಾಡಿದರೂ ಕೋನದ ನಿಯಮ ಕೆಡುವುದಿಲ್ಲ. ಅಡ್ಡಸಾಲುಗಳ ಎತ್ತರವನ್ನು ಬದಲಿಸುವುದಾದರೆ ಮಾತ್ರ ಓರೆಯನ್ನೂ ಅದೇ ಪ್ರಮಾಣದಲ್ಲಿ ಬದಲಿಸಿ. ಮೇಲಿನ ಮತ್ತು ಕೆಳಗಿನ ಸಾಲುಗಳ ಕೋನ ಬೇರೆಯಾದ ಕೂಡಲೇ ಕವಾಸಾಕಿ ನಿಯಮ ಮುರಿಯುತ್ತದೆ.