42ಕ್ಕೆ ಪೆನ್ಶನ್: ಒಬ್ಬ ಹವಾಲ್ದಾರನ ಲೆಕ್ಕ

ಊರಿನ ಮೇಷ್ಟ್ರಿಗೆ 60ರವರೆಗೂ ಸಂಬಳ. ಸೇನೆಯ ಹವಾಲ್ದಾರ್ ಪೆನ್ಶನ್ ಮೇಲೆ ಮನೆಗೆ ಬರುವ ಹೊತ್ತಿಗೆ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಹಾಗಾಗಿ ಕೈಗೆ ಒಟ್ಟು ಎಷ್ಟು ಬರುತ್ತೆ ಅನ್ನೋದಕ್ಕಿಂತ, ತಿಂಗಳಿಗೆ ಎಷ್ಟು ಕಡಿಮೆಯಾಗುತ್ತೆ ಅನ್ನೋದನ್ನೇ ನಾನು ಮೊದಲು ಬರೆದಿಟ್ಟುಕೊಂಡೆ.

ಬೇಸಿಕ್ 40,400, ಎಂಎಸ್‌ಪಿ (ಸೇನೆಯವರಿಗೆ ಸಿಗುವ ಮಿಲಿಟರಿ ಸರ್ವಿಸ್ ಪೇ) 5,200, ಕೂಡಿದರೆ 45,600. ಇದರ ಅರ್ಧ, ಅಂದರೆ 22,800, ಪೆನ್ಶನ್. ಅದರ ಮೇಲೆ ಡಿಆರ್, ಅಂದರೆ ಪಿಂಚಣಿದಾರರ ತುಟ್ಟಿಭತ್ಯೆ. ಫೀಲ್ಡ್ ಏರಿಯಾ, ಹೈ ಆಲ್ಟಿಟ್ಯೂಡ್ ಭತ್ಯೆಗಳು ಒಂದು ಪೈಸೆಯೂ ಇದಕ್ಕೆ ಸೇರುವುದಿಲ್ಲ. ಜವಾನರಿಗೆ ಸಿಯಾಚಿನ್ ಭತ್ಯೆ 2017ರಲ್ಲಿ ತಿಂಗಳಿಗೆ 30,000 ಆಯಿತು. ಆ ದುಡ್ಡಿಗೆ ಮನೆ ಖರ್ಚು ಒಗ್ಗಿಕೊಂಡರೆ ಪೀಸ್ ಸ್ಟೇಷನ್ನಿಗೆ (ಗಡಿಯಿಂದ ದೂರದ, ಈ ಭತ್ಯೆಗಳಿಲ್ಲದ ಜಾಗಕ್ಕೆ) ಬಂದ ತಿಂಗಳೇ ಸಾಲ ಶುರು. ಭತ್ಯೆ ಬರುವ ತಿಂಗಳುಗಳಲ್ಲಿ ಎಎಫ್‌ಪಿಪಿ ಫಂಡಿನ (ಸೇನೆಯವರ ಭವಿಷ್ಯ ನಿಧಿ) ಕಡಿತವನ್ನು ಅಷ್ಟೇ ಏರಿಸುತ್ತಿದ್ದೆ. ಕನಿಷ್ಠ ಕಡಿತ ಶೇ. 6, ವರ್ಷದ ಮಿತಿ 5 ಲಕ್ಷ, ಬಡ್ಡಿ ಕೆಲವು ವರ್ಷಗಳಿಂದ ಶೇ. 7.1. ಕ್ಲರ್ಕ್‌ಗೆ ಅರ್ಜಿ ಕೊಟ್ಟು ಸುಮ್ಮನಾದರೆ ಸಾಲದು, ಮುಂದಿನ ಪೇ ಸ್ಲಿಪ್ಪಿನಲ್ಲಿ ಅಂಕಿ ಬದಲಾಗಿದೆಯಾ ಅಂತ ನೋಡಲೇಬೇಕು. ಫಂಡ್ ಬರಿದಾಗುವುದು ಸಾಮಾನ್ಯವಾಗಿ ತಂಗಿ ಮದುವೆಗೆ, ಇಲ್ಲವೇ ಎರಡನೇ ಬೋರ್‌ವೆಲ್ಲಿಗೆ. ಒಂದು ಸಲ ತೆಗೆದದ್ದು ಮತ್ತೆ ತುಂಬಿದ್ದನ್ನು ನಾನು ಕಂಡದ್ದು ಕಡಿಮೆ.

ಎಲ್ಲರೂ ಎಡವುವುದು ಕಮ್ಯುಟೇಶನ್‌ನಲ್ಲಿ. ಪೆನ್ಶನ್ನಿನ ಅರ್ಧದವರೆಗೆ ಮುಂಗಡವಾಗಿ ಮಾರಿಕೊಳ್ಳಬಹುದು. ಮುಂದಿನ ಹುಟ್ಟುಹಬ್ಬಕ್ಕೆ 43 ತುಂಬುವವನಿಗೆ ಗುಣಕ 9.040. ಹಾಗಾದರೆ 11,400 × 12 × 9.040, ಹೆಚ್ಚುಕಡಿಮೆ 12.37 ಲಕ್ಷ. ಬದಲಿಗೆ 15 ವರ್ಷ ತಿಂಗಳಿಗೆ 11,400 ಬಿಡಬೇಕು, ಒಟ್ಟು 20.52 ಲಕ್ಷ. ಬಡ್ಡಿಯ ಲೆಕ್ಕದಲ್ಲಿ ಇದು ಸುಮಾರು ಶೇ. 7.4ರ ಸಾಲ. ಶೇ. 11–12ರ ಪರ್ಸನಲ್ ಲೋನ್ ತಲೆ ಮೇಲಿದ್ದರೆ ಅದನ್ನು ತೀರಿಸಲು ತೆಗೆದುಕೊಳ್ಳುವುದು ಬುದ್ಧಿವಂತಿಕೆ. ತೆಗೆದು ಎಫ್‌ಡಿಯಲ್ಲಿ ಇಟ್ಟರೆ ಏನೂ ಗಿಟ್ಟುವುದಿಲ್ಲ. ಹಾಗಂತ ಪೂರ್ತಿ ಬೇಡ ಅನ್ನಲೂ ಆಗದು: ಈ ಮೊತ್ತಕ್ಕೆ ತೆರಿಗೆ ಇಲ್ಲ, ಡಿಆರ್ ಪೂರ್ತಿ ಪೆನ್ಶನ್ ಮೇಲೇ ಬರುತ್ತದೆ, ನಡುವೆ ಪಿಂಚಣಿದಾರ ತೀರಿಕೊಂಡರೆ ಕಡಿತ ಅಲ್ಲಿಗೇ ಮುಗಿಯುತ್ತದೆ, ಹೆಂಡತಿಯ ಫ್ಯಾಮಿಲಿ ಪೆನ್ಶನ್ನಿಗೆ ಕೈ ಹಾಕುವುದಿಲ್ಲ. ನಾನು ಸಾಲದ ಬಾಕಿ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬರೆದುಕೊಟ್ಟೆ.

ಗ್ರಾಚ್ಯುಟಿ, 300 ದಿನಗಳವರೆಗಿನ ರಜೆಯ ಹಣ, ಎಜಿಐಎಫ್ (ಸೇನೆಯ ಗುಂಪು ವಿಮೆ) ಮೆಚ್ಯುರಿಟಿ, ಫಂಡ್, ಎಲ್ಲ ಹತ್ತಿರ ಹತ್ತಿರ ಬಂದು ಬೀಳುತ್ತವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ ಹವಾಲ್ದಾರನವರೆಗೆ 30,000 ಒಂದೇ ಸಲ ಕಟ್ಟಬೇಕು, ಅದನ್ನು ಕಳೆದೇ ಲೆಕ್ಕ ಹಾಕಿ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಸೇನೆಯವರಿಗೆ 50 ತುಂಬಿದ ಮೇಲಷ್ಟೇ, 42ಕ್ಕೆ ಸಿಗುವುದಿಲ್ಲ. ಅಲ್ಲಿಯವರೆಗೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ: ಒಬ್ಬರಿಗೆ 9 ಲಕ್ಷ, ಜಂಟಿಯಾದರೆ 15 ಲಕ್ಷ. ಶೇ. 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550. ಸೈಟು, ಟ್ರ್ಯಾಕ್ಟರ್, ಚೀಟಿ ಅಂತ ಮನೆ ಬಾಗಿಲಿಗೆ ಬಂದವರಿಗೆಲ್ಲ 'ಒಂದು ವರ್ಷ ಆಗಲಿ' ಅಂದೆ. ಅರ್ಧಕ್ಕರ್ಧ ಜನ ಮತ್ತೆ ಬರಲೇ ಇಲ್ಲ.

ಕೊನೆಯ ಎರಡು ವರ್ಷ ಮನೆಗೆ ಕಳಿಸಿದ್ದು ಪೆನ್ಶನ್ ಎಷ್ಟು ಬರುತ್ತೋ ಅಷ್ಟನ್ನೇ. ಆಗ ಗೊತ್ತಾಗಿದ್ದು, ರೇಷನ್ ಮತ್ತು ಕ್ವಾರ್ಟರ್ಸ್ ನಮ್ಮ ಸಂಬಳದಲ್ಲಿ ಕಾಣದ ದೊಡ್ಡ ಭಾಗ ಅಂತ.

ಹಣದಷ್ಟೇ ಮುಖ್ಯ ಕಾಗದ. ಹೆಂಡತಿಯ ಹೆಸರು ಆಧಾರ್‌ನಲ್ಲಿ 'ಜಯಶ್ರೀ ಬಸವರಾಜ', ಪಾರ್ಟ್ ಟೂ ಆರ್ಡರ್‌ನಲ್ಲಿ (ಮದುವೆ, ಮಕ್ಕಳ ವಿವರ ದಾಖಲಾಗುವ ಯೂನಿಟ್ ಆದೇಶ) ಬರೀ 'ಜಯಶ್ರೀ' ಇದ್ದರೆ ಸಾಕು, ಸೇನೆಯ ಆನ್‌ಲೈನ್ ಪೆನ್ಶನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಫೈಲು ನಿಲ್ಲುತ್ತದೆ. ಹೆಸರು, ಹುಟ್ಟಿದ ದಿನಾಂಕದ ತಿದ್ದುಪಡಿ ಯೂನಿಟ್‌ನಲ್ಲಿದ್ದಾಗ ಸುಲಭ, ಮನೆಗೆ ಬಂದ ಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆಯುತ್ತಾ ಕೂರಬೇಕು. ಪೆನ್ಶನ್ ಖಾತೆಯನ್ನು ಹೆಂಡತಿಯೊಂದಿಗೆ ಜಂಟಿಯಾಗಿಯೇ ತೆರೆಯಿರಿ, ಅದರ ಪಕ್ಕದಲ್ಲಿ ಆರು ತಿಂಗಳ ಖರ್ಚನ್ನು ಎಸ್‌ಬಿ ಖಾತೆಯಲ್ಲಿ ಬಿಟ್ಟಿರಿ. ಮೊದಲ ಪೆನ್ಶನ್ ತಡವಾದರೂ ಒಲೆ ಉರಿಯಬೇಕಲ್ಲ.