ಫಾರ್ಮ್ಯಾಟ್ ಹೊಡೆಯದೆ ಶಾರ್ಟ್‌ಕಟ್ ವರ್ಮ್ ತೆಗೆದೆ: ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಜೀನ್ಸ್ ಯೂನಿಟ್‌ಗಳಿಗೆ ನಾನು ಮನೆಯಲ್ಲೇ ಕೂತು ಎಂಬ್ರಾಯ್ಡರಿ ಪಂಚಿಂಗ್, ಅಂದರೆ ಚಿತ್ರವನ್ನು ಮಷಿನ್ ಹೊಲಿಯುವಂಥ ಫೈಲ್ ಆಗಿಸುವ ಕೆಲಸ, ಮಾಡಿಕೊಡುತ್ತೇನೆ. ಡಿಸೈನ್ ಹೋಗುವುದು ಪೆನ್‌ಡ್ರೈವ್‌ನಲ್ಲಿ. ಅದು ಯೂನಿಟ್‌ಗೆ ಹೋಗುತ್ತದೆ, ಅಲ್ಲಿಂದ ಜೆರಾಕ್ಸ್ ಅಂಗಡಿಗೆ, ಮತ್ತೆ ನನ್ನ ಮನೆಗೆ. ಹೀಗೆ ಊರು ಸುತ್ತುವ ಪೆನ್‌ಡ್ರೈವ್‌ಗೆ ಶಾರ್ಟ್‌ಕಟ್ ವರ್ಮ್ (ನಿಜವಾದ ಫೈಲ್ ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುವ ವೈರಸ್) ಹತ್ತದೆ ಇರುತ್ತಾ? ಹತ್ತಿತು. ಫಾರ್ಮ್ಯಾಟ್ ಇಲ್ಲದೆ ತೆಗೆದೆ. ದೀಪಾವಳಿಯಿಂದ ಈಚೆಗೆ ಒಮ್ಮೆಯೂ ತಿರುಗಿ ಬಂದಿಲ್ಲ. ಫಾರ್ಮ್ಯಾಟ್ ಇಲ್ಲದೆ ಆಗುವುದೇ ಇಲ್ಲ ಅಂದವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೊತ್ತಾಗಿದ್ದು ಮಷಿನ್ ಮುಂದೆ. ಆಪರೇಟರ್ ಫೋನ್ ಮಾಡಿ, "ಅಣ್ಣಾ, ಪೆನ್‌ಡ್ರೈವ್‌ನಾಗ ಡಿಸೈನೇ ಇಲ್ಲ" ಅಂದ. ಮನೆಗೆ ತಂದು ಹಾಕಿದರೆ ಎಲ್ಲ ಹೆಸರೂ ಇವೆ, ಆದರೆ ಐಕಾನ್ ಮೂಲೆಯಲ್ಲಿ ಬಾಣದ ಗುರುತು, ಅಂದರೆ ಎಲ್ಲ ಬರೀ ಶಾರ್ಟ್‌ಕಟ್. ಸೈಜ್ ನೋಡಿದೆ. ಮಷಿನ್ ಓದುವ ಡಿಎಸ್‌ಟಿ ಡಿಸೈನ್ ಫೈಲ್‌ನಲ್ಲಿ ಒಂದು ಸ್ಟಿಚ್‌ಗೆ 3 ಬೈಟ್. 10,000 ಸ್ಟಿಚ್ಚಿನ ಡಿಸೈನ್ ಸುಮಾರು 30 ಕೆಬಿ ಇರಬೇಕು. ಇಲ್ಲಿ ಎಲ್ಲವೂ 1–2 ಕೆಬಿ. ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಓದಿದರೆ, ಮೊದಲು ಒಂದು ವಿಬಿಎಸ್ ಫೈಲ್ (ವಿಂಡೋಸ್‌ನಲ್ಲಿ ಓಡುವ ಸ್ಕ್ರಿಪ್ಟ್, ವರ್ಮ್ ಅಂದರೆ ಇದೇ) ಓಡಿಸಿ ಆಮೇಲೆ ನಿಜವಾದ ಫೈಲ್ ತೆರೆಯುವ ಸಾಲು. ಡಿಸೈನ್ ತೆರೆದುಕೊಳ್ಳುತ್ತದೆ ಅಂತ ನಾವು ಸುಮ್ನೆ ಇರುತ್ತೇವೆ, ಅಷ್ಟರಲ್ಲಿ ಅದು ಕಂಪ್ಯೂಟರ್ ಒಳಗೆ ಕೂತಿರುತ್ತದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮೊದಲು ಆಂಟಿವೈರಸ್ ಕೀ ತಗೊಂಡೆ, ಏಳುನೂರರ ಹತ್ತಿರ. ಅದು ಶಾರ್ಟ್‌ಕಟ್‌ಗಳನ್ನೆಲ್ಲ ಅಳಿಸಿತು, ಅಡಗಿದ್ದ ಫೈಲ್‌ಗಳನ್ನು ಹೊರಗೆ ತರಲಿಲ್ಲ. ಪೆನ್‌ಡ್ರೈವ್ ಪೂರ್ತಿ ಖಾಲಿ ಕಾಣಿಸಿತು. ಒಬ್ಬ ಪಾರ್ಟಿ ಡಿಸೈನ್ ಹೋಯ್ತು ಅಂತ ಹೆದರಿ ಆರ್ಡರ್ ಬೇರೆಯವರಿಗೆ ಕೊಟ್ಟ. ಎರಡು ಸಾವಿರದಷ್ಟು ಕೆಲಸ ಹಾಗೇ ಕೈ ಬಿಟ್ಟಿತು. ಆಮೇಲೆ ಅಂಗಡಿಗೆ ಒಯ್ದೆ. "ಫಾರ್ಮ್ಯಾಟ್ ಬಿಟ್ರೆ ಬೇರೆ ದಾರಿನೇ ಇಲ್ಲ ಅಣ್ಣಾ" ಅಂದರು. ಬ್ಯಾಕಪ್ ಸೇರಿ ಎಂಟುನೂರೋ ಒಂಬೈನೂರೋ ಆಯಿತು. ಪಂಚಿಂಗ್ ಸಾಫ್ಟ್‌ವೇರ್ ಮತ್ತೆ ಹಾಕಲು ಒಂದು ಇಡೀ ದಿನ. ಸಂಜೆ ಅದೇ ಹಳೆಯ ಪೆನ್‌ಡ್ರೈವ್ ಚುಚ್ಚಿ ಫೈಲ್ ತೆರೆದ ತಕ್ಷಣ ವರ್ಮ್ ವಾಪಸ್. ಬಾಮೈದನಂತೂ "ಹೊಸ ಕಂಪ್ಯೂಟರ್ ತಗೋರಿ ಮಾವ" ಅಂದುಬಿಟ್ಟ.

ಆಗಲೇ ನನಗೆ ಕಂಡಿದ್ದು, ಇಲ್ಲಿ ಕ್ರಮವೇ ಮುಖ್ಯ ಅಂತ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಓಡುವ ಫೈಲ್‌ಗಳಿರುವ ಸ್ಟಾರ್ಟಪ್ ಫೋಲ್ಡರ್‌ನಿಂದ ವರ್ಮ್ ಫೈಲ್ ಅಳಿಸಿದರೆ ಕೆಲವು ಸೆಕೆಂಡ್‌ನಲ್ಲಿ ಮತ್ತೆ ಹುಟ್ಟುತ್ತಿತ್ತು. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಅದೇ ಕೆಲಸ ಮಾಡುವ ರನ್ ಎಂಟ್ರಿಯೂ ಹಾಗೇ. ಓಡುತ್ತಿರುವ ಸ್ಕ್ರಿಪ್ಟ್ ತನ್ನನ್ನು ತಾನೇ ಬರೆದುಕೊಳ್ಳುತ್ತಿತ್ತು. ಅದಕ್ಕೇ ಮೊದಲು ನೆಟ್ ಕೇಬಲ್ ಕಿತ್ತೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಕಮಾಂಡ್ ಲೈನ್ ಕಾಲಮ್ ಹಾಕಿಕೊಂಡೆ. ವಿಬಿಎಸ್ ಓಡಿಸುವ ಡಬ್ಲ್ಯೂಸ್ಕ್ರಿಪ್ಟ್ ಎದುರಿಗೆ ಆ ವಿಬಿಎಸ್ ಫೈಲ್‌ನ ಪೂರ್ತಿ ಜಾಗ ಬರೆದಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಎಂಡ್ ಟಾಸ್ಕ್. ಮೊದಲೇ ಮುಗಿಸಿದರೆ ಜಾಗ ಹುಡುಕುತ್ತಾ ಕೂರಬೇಕು. ನನ್ನದು ಆ್ಯಪ್‌ಡೇಟಾ ಫೋಲ್ಡರ್ ಒಳಗಿತ್ತು, ಇನ್ನೊಂದು ಪ್ರತಿ ಸ್ಟಾರ್ಟಪ್‌ನಲ್ಲಿ. ಎರಡನ್ನೂ, ರನ್ ಎಂಟ್ರಿಯನ್ನೂ ತೆಗೆದೆ. ತಾನಾಗಿ ಶುರುವಾಗುವುದನ್ನೆಲ್ಲ ತೋರಿಸುವ ಆಟೋರನ್ಸ್ ಅನ್ನುವ ಟೂಲ್‌ನಲ್ಲಿ ಇನ್ನೊಮ್ಮೆ ನೋಡಿದೆ. ಈ ಸಲ ತಿರುಗಿ ಹುಟ್ಟಲಿಲ್ಲ.

ಪೆನ್‌ಡ್ರೈವ್‌ಗೆ ಆಟ್ರಿಬ್ ಕಮಾಂಡ್. ಫೈಲ್‌ಗಳಿಗೆ ವರ್ಮ್ ಹಾಕಿದ ಹಿಡನ್ (ಅಡಗಿಸುವ), ಸಿಸ್ಟಮ್ ಗುರುತು ತೆಗೆಯುವುದು ಇದೇ. ಹಿಡನ್ ಒಂದನ್ನೇ ತೆಗೆಯಲು ಹೋದರೆ ಆಗುವುದಿಲ್ಲ. ಸಿಸ್ಟಮ್ ಗುರುತು ಇರುವವರೆಗೆ ವಿಂಡೋಸ್ ಬಿಡಲ್ಲ. ಪ್ರಾಪರ್ಟೀಸ್‌ನಲ್ಲಿ ಹಿಡನ್ ಡಬ್ಬಿ ಮಸುಕಾಗಿರುವುದೂ ಇದೇ ಕಾರಣಕ್ಕೆ. ಸಿಸ್ಟಮ್, ಹಿಡನ್ ಎರಡನ್ನೂ ಒಟ್ಟಿಗೆ ಮೈನಸ್ ಮಾಡಬೇಕು. ಡಿಸೈನ್ ಎಲ್ಲ ಎದ್ದು ಬಂದವು, ಒಂದೂ ಹಾಳಾಗಿರಲಿಲ್ಲ. ಆಮೇಲೆ ಶಾರ್ಟ್‌ಕಟ್, ವಿಬಿಎಸ್ ಅಳಿಸಿದೆ. ಇದನ್ನೆಲ್ಲ ಒಂದೇ ಏಟಿಗೆ ಮಾಡುವ ಬ್ಯಾಚ್ ಫೈಲ್ ಬರೆದುಕೊಂಡಿದ್ದೇನೆ. ಅದರ ಸಾಲುಗಳು ನನ್ನ ಹತ್ತಿರವೇ ಇರಲಿ. ಈಗ ಅದೇ ಫೈಲ್‌ನಿಂದ ಅಕ್ಕಪಕ್ಕದ ಯೂನಿಟ್‌ಗಳ ಪೆನ್‌ಡ್ರೈವ್ ತೊಳೆದುಕೊಡುತ್ತೇನೆ. ಫಾರ್ಮ್ಯಾಟ್ ಅಂದಿದ್ದ ಅಂಗಡಿಯ ಹುಡುಗನೂ ಒಮ್ಮೆ ಬಂದು ಕೇಳಿಕೊಂಡು ಹೋದ.

ಒಂದು ಕಂಪ್ಯೂಟರ್ ಮಾತ್ರ ತೊಳೆದರೆ ಪ್ರಯೋಜನವಿಲ್ಲ. ನನ್ನ ಪಾರ್ಟಿಗಳ ಪೆನ್‌ಡ್ರೈವ್ ಎಲ್ಲ, ಹತ್ತು ಹನ್ನೆರಡು ಇರಬಹುದು, ಒಂದೇ ಭಾನುವಾರ ತರಿಸಿ ಮುಗಿಸಿದೆ. ಒಂದು ಬಿಟ್ಟರೂ ಸಾಕು, ಮತ್ತೆ ಶುರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವರ್ಮ್ ತಾನಾಗಿ ಓಡದಂತೆ ಪೆನ್‌ಡ್ರೈವ್‌ನಲ್ಲಿ ಆಟೋರನ್ ಡಾಟ್ ಐಎನ್‌ಎಫ್ ಹೆಸರಿನ ಖಾಲಿ ಫೋಲ್ಡರ್ ಇಡುವ ಹಳೇ ಉಪಾಯ ಇದೆಯಲ್ಲ, ಅದರಿಂದ ಏನೂ ಆಗಲಿಲ್ಲ. ಪೆನ್‌ಡ್ರೈವ್ ಹಾಕಿದ ಕೂಡಲೇ ತಾನಾಗಿ ಓಡುವುದನ್ನು ವಿಂಡೋಸ್ 7ರಲ್ಲೇ ನಿಲ್ಲಿಸಿದ್ದಾರೆ. ಎಕ್ಸ್‌ಪಿ, ವಿಸ್ಟಾಗಳಿಗೂ 2011ರ ಅಪ್‌ಡೇಟ್‌ನಲ್ಲಿ ಬಂತು. ಈ ವರ್ಮ್ ಕಾಯುವುದು ನಮ್ಮ ಡಬಲ್ ಕ್ಲಿಕ್‌ಗೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಅದೇ ಪೆನ್‌ಡ್ರೈವ್ ತೆರೆದೆ. ಅಡಗಿದ್ದೆಲ್ಲ ಸಲೀಸಾಗಿ ಕಂಡಿತು, ಆ ಸ್ಕ್ರಿಪ್ಟ್ ಅಲ್ಲಿ ಓಡಲೂ ಇಲ್ಲ. ಅರ್ಜೆಂಟ್ ಇದ್ದಾಗ ಡಿಸೈನ್ ಎತ್ತಿಕೊಳ್ಳಲು ಇದು ಚೆನ್ನಾಗಿದೆ. ನೂರೈವತ್ತು ರೂಪಾಯಿಯ ಕಾರ್ಡ್ ರೀಡರ್‌ಗೆ ಲಾಕ್ ಗುಂಡಿ ಇರುವ ದೊಡ್ಡ ಎಸ್‌ಡಿ ಕಾರ್ಡ್ ಹಾಕಿ ಯೂನಿಟ್‌ಗೆ ಕಳಿಸಿ ನೋಡಿದೆ. ಲಾಕ್ ಹಾಕಿದ ಕಾರ್ಡ್ ಮೇಲೆ ಏನೂ ಬರೆದಿರಲಿಲ್ಲ, ಮಷಿನ್ ಓದಿತು. ಈಗ ದೊಡ್ಡ ಪಾರ್ಟಿಗಳಿಗೆ ಇದರಲ್ಲೇ ಕಳಿಸುತ್ತೇನೆ.

ಮನೆಯ ಕಂಪ್ಯೂಟರ್‌ನಲ್ಲಿ ವಿಬಿಎಸ್ ಓಡಿಸುವ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಅನ್ನೇ ರಿಜಿಸ್ಟ್ರಿಯಲ್ಲಿ ಸೊನ್ನೆ ಮಾಡಿ ಮುಚ್ಚಿದ್ದೇನೆ. ನನ್ನ ಪಂಚಿಂಗ್ ಸಾಫ್ಟ್‌ವೇರ್‌ಗೆ ಅದರಿಂದ ಏನೂ ತೊಂದರೆ ಆಗಿಲ್ಲ. ನಿಮ್ಮದರಲ್ಲಿ ಮಾಡುವ ಮೊದಲು ನೋಡಿಕೊಳ್ಳಿ. ಇನ್ನೊಂದು, ಈ ಜಾತಿಯ ವಿಬಿಎಸ್ ವರ್ಮ್‌ಗಳಲ್ಲಿ ಕೆಲವು ಹೊರಗಿನವರಿಗೆ ಕಂಪ್ಯೂಟರ್ ಬಾಗಿಲನ್ನೇ ತೆರೆದುಕೊಡುತ್ತವೆ. ಅದಕ್ಕೇ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಎರಡನ್ನೂ ಮೊಬೈಲ್‌ನಿಂದ ಅಂದೇ ಬದಲಿಸಿದೆ. ನೀವೂ ತೊಳೆದು ಮುಗಿಸುವವರೆಗೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ತೆರೆಯಬೇಡಿ.